ಮನೆಯವರನ್ನು ಯಾರು ಕೇಳುವುದು

ಅವರ ನಿವೃತ್ತಿಗೆ ಅಭಿನಂದನಾ ಗ್ರಂಥ ಬರುತ್ತಿದೆಯಂತೆ. ನಮ್ಮ ಕಡೆ ಅದು ರೂಢಿ. ಮನುಷ್ಯ ಕುರ್ಚಿಯಿಂದ ಎದ್ದರೆ ಸಾಕು, ಒಂದು ಸಮಿತಿ, ಒಂದು ಶಾಲು, ಒಂದು ಗ್ರಂಥ. ಸಮಿತಿಯವರೊಬ್ಬರು ನನಗೆ ಫೋನ್ ಮಾಡಿ, "ಎರಡು ಪುಟ ಕೊಡಿ ಮಾರಾಯ್ರೆ, ನೀವು ಅವರ ಕೈಕೆಳಗೆ ಇದ್ದವರಲ್ಲವಾ" ಎಂದರು. ಜ್ವರ ಎಂದೆ. ಮತ್ತೆ ಮಾಡಿದರು, ಮನೆಯಲ್ಲಿ ಮದುವೆ ಎಂದೆ. ಅವರು ಬಿಡುವ ಜಾತಿಯಲ್ಲ. ಮತ್ತೊಂದು ಸಲ ಮಾಡಿದಾಗ ಒಂದು ಮಾತು ಸೇರಿಸಿದರು: "ಆ ಲಿಜಿಯನ್ನು ಬೆಳೆಸಿದ್ದೇ ತಾನು ಅಂತ ಸಾರ್ ಹೇಳ್ತಿದ್ರು. ಆ ಸಂಗತಿ ನೀವು ಬರೆದ್ರೆ ಚೆಂದ."

ಆಗ ಒಪ್ಪಿಕೊಂಡೆ. ಇದೇ ಆ ಎರಡು ಪುಟ. ಸ್ವಲ್ಪ ಹೆಚ್ಚಾದೀತು. ಹೆಸರು ಹಾಕುವುದಿಲ್ಲ, ಗ್ರಂಥದ ಮುಖಪುಟದಲ್ಲಿ ಅದು ಹೇಗೂ ದಪ್ಪಕ್ಷರದಲ್ಲಿ ಇರುತ್ತದೆ.

ನಮ್ಮ ಆಫೀಸು ಪುತ್ತೂರಿನ ದರ್ಬೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಸುಳ್ಯ, ಕಡಬ, ಪುತ್ತೂರಿನ ಸಣ್ಣ ಆಸ್ಪತ್ರೆಗಳಿಗೆ, ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಒಂದು ಕಂಪ್ಯೂಟರ್ ಪೆಟ್ಟಿಗೆ ಮಾಡಿ ಕೊಡುತ್ತೇವೆ. ರೋಗಿಗಳ ವರದಿ ಎಲ್ಲ ಅದರೊಳಗೆ. ಅವರು ಅಲ್ಲಿನ ಹಿರಿಯ ಇಂಜಿನಿಯರ್. ಈಶ್ವರಮಂಗಲದ ಕಡೆಯ ಹಳೇ ಮನೆಯವರು. ಎಲ್ಲೆಲ್ಲೋ ದೊಡ್ಡ ಕಂಪೆನಿಗಳಲ್ಲಿ ದುಡಿದು ಊರಿಗೆ ಬಂದವರು. ನಾನು ಸುಳ್ಯದವ. ಮನೆಯಲ್ಲಿ ಅರೆಭಾಷೆ, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ತುಳು.

ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಮೇಜಿನ ಎದುರು ನಿಂತೆ. ಅವರ ಕುರ್ಚಿ ಯಾವಾಗಲೂ ಬಾಗಿಲಿಗೆ ಮುಖ ಮಾಡಿಯೇ ಇರುತ್ತಿತ್ತು. ಕನ್ನಡಕವನ್ನು ಹಣೆಗೆ ಏರಿಸಿ, ನನ್ನ ಚಪ್ಪಲಿಯಿಂದ ನೋಡುತ್ತಾ ಮೇಲೆ ಬಂದು, "ಎಲ್ಲಾಯ್ತು ಮನೆ?" ಎಂದರು.

"ಸುಳ್ಯ ಸಾರ್."

"ಸುಳ್ಯದಲ್ಲಿ ಎಲ್ಲಿ ಮಾರಾಯ? ಯಾರ ಪೈಕಿ?"

ಅಪ್ಪನ ಹೆಸರು ಹೇಳಿದೆ. ಅವರಿಗೆ ಗೊತ್ತಾಗಲಿಲ್ಲ. ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಪೇಪರ್ ಕಪ್ಪಿನಲ್ಲಿ ಕೊಟ್ಟರು. ಆಮೇಲೆ ಮಾತಿಗೆ ಮಾತು ಬಂದು ನನ್ನ ಅಜ್ಜನ ಮನೆಯ ಹೆಸರು ಹೊರಬಿತ್ತು. ಅವರ ತಂದೆ ಒಂದು ಕಾಲದಲ್ಲಿ ಆ ಮನೆಯಲ್ಲಿ ಉಂಡವರಂತೆ. "ಹೋ, ಹಾಗೆ ಹೇಳುದಲ್ಲವಾ!" ಎಂದು ನನ್ನ ಕೈಯಿಂದ ಪೇಪರ್ ಕಪ್ಪು ತೆಗೆದು, ಕಪಾಟಿನಿಂದ ಸ್ಟೀಲಿನ ಲೋಟ ತೆಗೆದು, ಅದಕ್ಕೆ ಹೊಸತಾಗಿ ಬಗ್ಗಿಸಿದರು. ಕಷಾಯ ಅದೇ. ಕುಡಿಯುವವನೂ ಅವನೇ. ನನಗೆ ಆ ಗಳಿಗೆಯಿಂದಲೇ ಅವರನ್ನು ಕಂಡರೆ ಆಗಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಅಭಿಪ್ರಾಯ ಬದಲಿಸುವಂಥ ಕೆಲಸವನ್ನೇನೂ ಅವರು ಮಾಡಲಿಲ್ಲ.

ಆ ಕಪಾಟಿನ ಲೋಟಗಳು ಮನೆ ಗೊತ್ತಿದ್ದವರಿಗೆ. ಉಳಿದವರಿಗೆ ಪೇಪರ್ ಕಪ್ಪು. ಯಾರಾದರೂ ಕೇಳಿದರೆ, "ಶುಚಿ ಮಾರಾಯ, ಕಾಲ ಹೇಗೆ ಉಂಟು ನೋಡಿದ್ದೀಯಲ್ಲ" ಎನ್ನುತ್ತಿದ್ದರು. ರೋಗ ಮನೆ ಹೆಸರು ಕೇಳಿ ಬರುತ್ತದೆ ಎಂದು ನಂಬಿದ ಇಂಜಿನಿಯರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಕಸುಬು ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು, ಸಿಟ್ಟು ಬರುವುದೂ ಅದಕ್ಕೇ. ಕಂಪ್ಯೂಟರಿನಲ್ಲಿ ಎಲ್ಲದಕ್ಕಿಂತ ಒಳಗೆ ಕುಳಿತು ಎಲ್ಲವನ್ನೂ ನಡೆಸುವ ಕರ್ನೆಲ್ ಎಂಬ ಪ್ರೋಗ್ರಾಂ ಇದೆಯಲ್ಲ, ಅದನ್ನು ಅವರು ಪಂಚಾಂಗ ಓದಿದಂತೆ ಓದುತ್ತಿದ್ದರು. ಆ ಕರ್ನೆಲ್‌ನೊಳಗೆ ನಾವು ಒಂದು ಕಾವಲು ಕೂರಿಸಿದ್ದೆವು. ಪೆಟ್ಟಿಗೆಯೊಳಗಿನ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಗುರುತು ಚೀಟಿ; ಇದು ಬಿಲ್ ಮಾಡುವುದು, ಇದು ವರದಿ ಮುದ್ರಿಸುವುದು ಎಂದು. ಯಾವುದೇ ಪ್ರೋಗ್ರಾಂ ಹೊರಗಿನವರ ಜೊತೆ ಮಾತಾಡಬೇಕಾದರೆ ಸಾಕೆಟ್ ಎಂಬ ಬಾಯಿ ತೆರೆಯಬೇಕು. ತೆರೆದು ಹೊರಡುವಾಗ ಕಾವಲು ಚೀಟಿ ನೋಡುತ್ತದೆ. ಬಿಲ್ಲಿನದು ಹೊರಗೆ ಹೋಗಬಹುದು. ಮುದ್ರಿಸುವುದು ಹೋಗಕೂಡದು. ಹೋಗುವುದಕ್ಕೆ ಟಿಸಿಪಿ, ಯುಡಿಪಿ ಎಂದು ಬೇರೆ ಬೇರೆ ಕ್ರಮಗಳಿವೆ, ಅವಕ್ಕೆ ಪ್ರೋಟೊಕಾಲ್ ಎನ್ನುತ್ತಾರೆ.

"ಟಿಸಿಪಿಯಲ್ಲಿ ಹೋಗ್ಲಿ, ಯುಡಿಪಿಯಲ್ಲಿ ಹೋಗ್ಲಿ, ನಾಳೆ ಹುಟ್ಟುವ ಇನ್ನೊಂದು ಪ್ರೋಟೊಕಾಲಿನಲ್ಲಿ ಹೋಗ್ಲಿ, ಕೇಳುವ ಪ್ರಶ್ನೆ ಒಂದೇ ಇರ್ಬೇಕು" ಎಂದು ನನಗೆ ಕಲಿಸಿದವರು ಅವರೇ. "ಒಂದು ಬಾಗಿಲಲ್ಲಿ ಕೇಳಿ ಇನ್ನೊಂದು ಬಾಗಿಲಲ್ಲಿ ಬಿಟ್ರೆ ಅದು ಕಾವಲಲ್ಲ, ನಾಟಕ. ಅನುಮಾನವೇ ನಮ್ಮ ಕಸುಬು, ಗೊತ್ತುಂಟಾ?"

ಬಾಯಲ್ಲಿ ಬಂಗಾರದಂಥ ಮಾತು. ಸಂಜೆ ಹೊರಡುವಾಗ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲು ಅರ್ಧ ಇಳಿದು, ವಾಪಸು ಹತ್ತಿ ಮತ್ತೆ ಜಗ್ಗುತ್ತಿದ್ದರು. ಕೊರಿಯರಿನವನನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಗುರುತಿನ ಕಾರ್ಡು ಕೇಳುತ್ತಿದ್ದರು, ಅದೂ ದಿನಾ ಬರುವ ಅದೇ ಕೊರಿಯರಿನವನನ್ನು. ಆದರೆ ಒಂದು ಮಧ್ಯಾಹ್ನ ಅವರ ಭಾವನ ಮಗ ಬಂದ. ಮದುವೆ ಕಾಗದ ಮುದ್ರಿಸಬೇಕಿತ್ತಂತೆ. ನೇರ ಒಳಗೆ ಹೋಗಿ, ಖಾಲಿ ಕಂಡ ಕಂಪ್ಯೂಟರಿಗೆ ತನ್ನ ಪೆನ್‌ಡ್ರೈವ್ ಚುಚ್ಚಿದ. ಅದರಲ್ಲಿದ್ದ ವೈರಸ್ಸು ಆಫೀಸಿನ ಅರ್ಧ ಕಂಪ್ಯೂಟರುಗಳನ್ನು ಮಲಗಿಸಿತು. ಒರೆಸಿ ತೊಳೆಯುವಷ್ಟರಲ್ಲಿ ನಮಗೆ ಸಾಕುಬೇಕಾಯಿತು. ಒಳಗೆ ಬಿಟ್ಟದ್ದು ಯಾಕೆ ಎಂದು ಕೇಳಿದರೆ ಅವರ ಉತ್ತರ, "ಅವ ನಮ್ಮವನೇ ಅಲ್ಲವಾ. ಮನೆಯವರನ್ನು ಯಾರು ಕೇಳುದು?"

ಆ ಮಾತನ್ನು ನೆನಪಿಟ್ಟುಕೊಳ್ಳಿ.

ಲಿಜಿ ಬಂದದ್ದು ನನ್ನ ನಂತರ. ನೆಲ್ಯಾಡಿಯವಳು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ಕನ್ನಡ ಶಾಲೆಯಲ್ಲಿ ಕಲಿತವಳು, ತುಳು ನಮಗಿಂತ ಚೆನ್ನಾಗಿ ಆಡುವವಳು. "ಎಲ್ಲಾಯ್ತು ಮನೆ?" ಎಂದಾಗ ಹೇಳಿದಳು. "ಅಲ್ಲ, ಮೂಲ ಎಲ್ಲಿ?" ಎಂದರು. "ಇಲ್ಲೇ ಹುಟ್ಟಿದ್ದು ಸಾರ್" ಎಂದಳು. ಅವರು ಹುಬ್ಬು ಏರಿಸಿ ಫ್ಲಾಸ್ಕ್ ಎತ್ತಿಕೊಂಡರು. ಪೇಪರ್ ಕಪ್ಪು. ಆಮೇಲೆ ಅವಳು ನಮ್ಮಲ್ಲಿ ಇದ್ದಷ್ಟು ವರ್ಷವೂ ಪೇಪರ್ ಕಪ್ಪೇ. ನಾನು ಸ್ಟೀಲಿನ ಲೋಟ ಬಿಟ್ಟು ಮನೆಯಿಂದ ಚಾ ತರತೊಡಗಿದೆ, ಅವರಿಗೆ ಅದು ಗಮನಕ್ಕೂ ಬರಲಿಲ್ಲ. ನನ್ನನ್ನು "ಸುಳ್ಯ" ಎಂದು ಕರೆಯುತ್ತಿದ್ದರು, ಅವಳನ್ನು "ನೆಲ್ಯಾಡಿ" ಎಂದು. ನನ್ನನ್ನು ಕರೆಯುವಾಗ ಅದು ಸಲಿಗೆ. ಅವಳ ಪಾಲಿಗೆ ಹಾಗಿರಲಿಲ್ಲ.

ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಮರ ಬೀಳುತ್ತದೆ, ಇಂಟರ್ನೆಟ್ಟಿನ ಕೇಬಲ್ ತುಂಡಾಗುತ್ತದೆ, ಲ್ಯಾಬಿನವರು ನಮಗೆ ಬೈಯುತ್ತಾರೆ. ಅದಕ್ಕೆ ಅವರು ಪೆಟ್ಟಿಗೆಗೆ ಮಲ್ಟಿಪಾತ್ ಎಂಬ ಹೊಸ ಪ್ರೋಟೊಕಾಲ್ ತಂದರು. ಒಂದೇ ಸಂಪರ್ಕ, ಎರಡು ಕವಲು. ಒಂದು ಕೇಬಲಿನಲ್ಲಿ, ಇನ್ನೊಂದು ಮೊಬೈಲ್ ಸಿಮ್ಮಿನಲ್ಲಿ. ಒಂದು ಸತ್ತರೆ ಇನ್ನೊಂದು ಹೊರುತ್ತದೆ. ಪೆಟ್ಟಿಗೆಯ ಎಲ್ಲ ಪ್ರೋಗ್ರಾಮುಗಳೂ ಟಿಸಿಪಿ ಬಿಟ್ಟು ತಾವಾಗಿಯೇ ಇದನ್ನು ಹಿಡಿಯುವ ಹಾಗೆ ಮಾಡಿದರು. ಒಳ್ಳೆಯ ಕೆಲಸ, ಇಲ್ಲ ಎನ್ನುವುದಿಲ್ಲ.

ಆದರೆ ಪರೀಕ್ಷೆ ಮಾಡುವಾಗ ಕಾವಲು ಕವಲುಗಳನ್ನು ತಡೆಯಿತು. ಕಾರಣ ಸರಳ. ಮೊದಲಿನ ಬಾಯಿ ತೆರೆಯುವುದು ಪ್ರೋಗ್ರಾಂ, ಆದರೆ ಕವಲುಗಳನ್ನು ತೆರೆಯುವುದು ಅದರ ಪರವಾಗಿ ಕರ್ನೆಲ್ಲೇ. ಹಾಗಾಗಿ ಕವಲಿನ ಕೊರಳಲ್ಲಿ ಪ್ರೋಗ್ರಾಮಿನ ಚೀಟಿ ಇರಲಿಲ್ಲ, ಕರ್ನೆಲ್‌ನ ಚೀಟಿ ಇತ್ತು. ಮಲ್ಟಿಪಾತಿನಲ್ಲಿ ನಿಜವಾಗಿ ಹೊರಗೆ ಹೋಗುವುದು ಕವಲು, ಹಾಗಾಗಿ ನಮ್ಮ ಕಾವಲು ನೋಡುವುದು ಕವಲಿನ ಚೀಟಿಯನ್ನು. ಕರ್ನೆಲ್ ಹೊರಗೆ ಹೋಗಬಹುದೇ ಇಲ್ಲವೇ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಅವರು ಒಂದು ಸಾಲು ಬರೆದರು: ಕರ್ನೆಲ್‌ನ ಚೀಟಿ ಇದ್ದರೆ ಬಿಡು.

ಲಿಜಿ ಅಲ್ಲೇ ಪಕ್ಕದಲ್ಲಿದ್ದಳು. "ಸಾರ್, ಅದು ಆಗುದಿಲ್ಲ. ಕವಲು ತೆರೆದದ್ದು ಕರ್ನೆಲ್ ಆದ್ರೂ ಕಳಿಸಿದ್ದು ಪ್ರೋಗ್ರಾಂ ಅಲ್ಲವಾ? ಬಂದವ ಯಾರು ಅಂತ ಅಲ್ಲ, ಕಳಿಸಿದವ ಯಾರು ಅಂತ ಕೇಳ್ಬೇಕು. ಪ್ರೋಗ್ರಾಮಿನ ಚೀಟಿಯನ್ನೇ ಕವಲಿಗೂ ಹಾಕುವ."

ಅವರು ನಕ್ಕರು. ನನ್ನ ಕಡೆ ತಿರುಗಿ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, "ಕರ್ನೆಲ್ ಅಂದ್ರೆ ಮನೆ ಯಜಮಾನ ಮಾರಾಯ. ಮನೆಯವರನ್ನು ಯಾರು ಕೇಳುದು?" ಎಂದರು.

ಅವಳು ಇನ್ನೊಮ್ಮೆ ಹೇಳಿದಳು. ನಾನೂ ಹೇಳಿದೆ. "ಆಯ್ತು ಆಯ್ತು, ನೋಡುವ" ಎಂದರು. ನಮ್ಮ ಕಡೆ 'ನೋಡುವ' ಎಂದರೆ ಅಲ್ಲಿಗೆ ಮಾತು ಮುಗಿಯಿತು. ಪೆಟ್ಟಿಗೆಗಳು ಆ ಸಾಲಿನ ಸಮೇತ ಊರೂರಿಗೆ ಹೋದವು. ಕಡಬದ ಲ್ಯಾಬಿಗೆ ಕೂರಿಸಲು ಹೋದವಳು ಲಿಜಿ, ಅವಳ ಮನೆ ಆ ಕಡೆಯೇ ಎಂಬ ಕಾರಣಕ್ಕೆ.

ಆ ಲ್ಯಾಬಿನಲ್ಲಿ ವರದಿ ಮುದ್ರಿಸುವ ಪ್ರೋಗ್ರಾಂ ಹೊರಗಿನಿಂದ ಕೊಂಡದ್ದು. ಅದಕ್ಕೊಂದು ಕೆಟ್ಟ ಚಾಳಿ. ಮುದ್ರಿಸಿದ್ದರ ಒಂದು ಪ್ರತಿಯನ್ನು ತನ್ನ ತವರಿಗೆ, ಅಂದರೆ ಅದನ್ನು ಮಾಡಿ ಮಾರಿದ ಕಂಪೆನಿಗೆ, ಕಳಿಸಲು ಅದು ಯಾವಾಗಲೂ ಹವಣಿಸುತ್ತಿತ್ತು. ಹಳೇ ಪೆಟ್ಟಿಗೆಯಲ್ಲಿ ಟಿಸಿಪಿಯ ಬಾಗಿಲಲ್ಲೇ ಕಾವಲು ಅದನ್ನು ಹಿಂದಕ್ಕೆ ಅಟ್ಟುತ್ತಿತ್ತು. ಹೊಸತರಲ್ಲಿ ಅದು ಮಲ್ಟಿಪಾತಿನಲ್ಲಿ ಹೊರಟಿತು, ಕೊರಳಲ್ಲಿ ಕರ್ನೆಲ್‌ನ ಚೀಟಿ. ಕಾವಲು ಕೈಮುಗಿದು ಬಿಟ್ಟಿತು.

ಸುದ್ದಿ ನಮಗೆ ಮುಟ್ಟಿದ್ದು ರಾಮಕುಂಜದ ಕಡೆಯ ಒಬ್ಬ ಟೀಚರ್ ಮೂಲಕ. ಮನೆಯಲ್ಲಿ ಯಾರಿಗೂ ಹೇಳದೆ ಅವರು ಒಂದು ಪರೀಕ್ಷೆ ಮಾಡಿಸಿಕೊಂಡಿದ್ದರು. ಲ್ಯಾಬಿಗೆ ಕೊಟ್ಟದ್ದು ಮನೆಯ ನಂಬರು. ಒಂದು ದಿನ ಆ ಕಾಯಿಲೆಯ ಮದ್ದು ಮಾರುವವರ ಫೋನ್ ಬಂತು. ಎತ್ತಿದ್ದು ಅತ್ತೆ. ಆ ಮನೆಯಲ್ಲಿ ಆಮೇಲೆ ಏನೇನಾಯಿತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರಿಗೆ ಬಿಟ್ಟದ್ದು. ಲ್ಯಾಬಿನ ಯಜಮಾನರು ಮಾತ್ರ ಮರುದಿನವೇ ನಮ್ಮ ಮೆಟ್ಟಿಲು ಹತ್ತಿ, ನಮ್ಮ ಕಂಪೆನಿಯ ಮಾಲಿಕರ ಕೋಣೆಯಲ್ಲಿ ಮೇಜು ಗುದ್ದಿದರು.

ಮಾಲಿಕರು ನಮ್ಮ ಹಿರಿಯ ಇಂಜಿನಿಯರನ್ನು ಕರೆದರು. ನಾನೂ ಇದ್ದೆ. ಇವರು ಕನ್ನಡಕ ಹಣೆಗೇರಿಸಿ, ಶಾಂತವಾಗಿ, ನೋವಾದವರ ಹಾಗೆ ಹೇಳಿದರು. "ಪೆಟ್ಟಿಗೆಯಲ್ಲಿ ಎಂತದೂ ತೊಂದರೆ ಇಲ್ಲ, ನಾನೇ ಮಾಡಿದ್ದು. ಆದ್ರೆ ಅಲ್ಲಿ ಕೂರಿಸ್ಲಿಕ್ಕೆ ಹೋದದ್ದು ನೆಲ್ಯಾಡಿ. ಆ ಹುಡುಗಿಗೆ ಯಾರ್ಯಾರ ಪರಿಚಯ ಉಂಟೋ, ನಮಗೆ ಹೇಗೆ ಗೊತ್ತು? ಅವರ ಮನೆ ಕಂಡವರು ಯಾರು?"

ಇಷ್ಟು ಸಾಕಾಯಿತು. ವಿಚಾರಣೆ ಮುಗಿಯುವ ತನಕ ಬರುವುದು ಬೇಡ ಎಂದು ಮಾಲಿಕರು ಲಿಜಿಗೆ ಹೇಳಿಬಿಟ್ಟರು. ಪುತ್ತೂರು ಎಷ್ಟು ದೊಡ್ಡ ಊರು? ರೋಗಿಗಳ ವರದಿ ಮಾರಿದವಳು ಎಂಬ ಹೆಸರು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ದಾಟಿದರೆ, ನಮ್ಮ ಮೂರು ತಾಲೂಕಿನಲ್ಲಿ ಅವಳಿಗೆ ಇನ್ನು ಯಾರೂ ಒಂದು ಮೌಸ್ ಮುಟ್ಟಲು ಕೊಡುವುದಿಲ್ಲ. ಆ ಒಂದು ಮಾತಿಗಾಗಿ ನಾನು ಅವರನ್ನು ಕ್ಷಮಿಸಿಲ್ಲ. ತಪ್ಪು ಸಾಲು ಯಾರು ಬೇಕಾದರೂ ಬರೆಯಬಹುದು. ಆ ಸಾಲು ತನ್ನದು ಎಂದು ಗೊತ್ತಿದ್ದೂ ಇನ್ನೊಬ್ಬಳ ಮನೆ ಎಲ್ಲಿ ಎಂದು ಕೇಳಿದರಲ್ಲ, ಅದಕ್ಕೆ ಕ್ಷಮೆ ಇಲ್ಲ.

ಲಿಜಿ ಅಳುತ್ತಾ ಕೂರಲಿಲ್ಲ. ಮಾಲಿಕರಿಗೆ ಫೋನ್ ಮಾಡಿ, "ವಿಚಾರಣೆ ಅಂದ್ರಲ್ಲ, ನನ್ನ ಎದುರೇ ಮಾಡಿ ಸಾರ್" ಎಂದಳು. ಮಾಲಿಕರು ಇಲ್ಲ ಎನ್ನಲಾಗದೆ ಕರೆದರು. ಬೆಳಗ್ಗೆ ಎಲ್ಲರ ಎದುರು, ಮೇಜಿನ ಮೇಲೆ ಹೊಚ್ಚಹೊಸ ಪೆಟ್ಟಿಗೆ. ಅವಳು ಅದನ್ನು ಮುಟ್ಟಲಿಲ್ಲ. ನನ್ನ ಕೈಯಲ್ಲಿ ಮಾಡಿಸಿದಳು. ಮುದ್ರಿಸುವ ಪ್ರೋಗ್ರಾಮಿನ ಚೀಟಿ ಹಾಕಿದ ಒಂದು ಪುಟ್ಟ ಪ್ರೋಗ್ರಾಂ, ಹೊರಗೆ ಕಳಿಸಲು ಒಂದು ಸಾಲು ಅಕ್ಷರ, ಬಂದರೆ ಹಿಡಿಯಲು ಮಾಲಿಕರದೇ ಲ್ಯಾಪ್‌ಟಾಪ್.

ಟಿಸಿಪಿಯಲ್ಲಿ ಕಳಿಸಿದೆ. ಕಾವಲು ತಡೆಯಿತು. ಯುಡಿಪಿಯಲ್ಲಿ ಕಳಿಸಿದೆ. ಅಲ್ಲೂ ತಡೆಯಿತು. "ನೋಡಿ" ಎಂದು ಅವರು ಕುರ್ಚಿಗೆ ಒರಗಿದರು. "ಈಗ ಮಲ್ಟಿಪಾತಿನಲ್ಲಿ" ಎಂದಳು ಲಿಜಿ. ಕಳಿಸಿದೆ. ಮಾಲಿಕರ ಲ್ಯಾಪ್‌ಟಾಪಿನಲ್ಲಿ ಅಕ್ಷರ ಮೂಡಿತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವರು ಮಾತ್ರ ಕನ್ನಡಕ ಒರೆಸುತ್ತಾ, "ಅದು ಕರ್ನೆಲ್ ಮಾಡಿದ್ದಲ್ಲವಾ, ನಾವು ಎಂತ ಮಾಡ್ಲಿಕ್ಕುಂಟು" ಎಂದರು.

ಮಾಲಿಕರು ಒಳ್ಳೆಯವರು, ಆದರೆ ಹೆದರುಪುಕ್ಕಲರು. ಲ್ಯಾಬಿನವರ ಹತ್ತಿರ ತಪ್ಪು ನಮ್ಮದು ಎಂದು ಒಪ್ಪಿಕೊಂಡು ಬಂದರು. ಲಿಜಿಗೆ ನಾಳೆಯಿಂದ ಬರಲು ಹೇಳಿದರು. ನನ್ನ ಕಿವಿಯಲ್ಲಿ, "ಹಿರಿಯರು, ಬಿಟ್ಟುಬಿಡುವ" ಎಂದರು. ಅಷ್ಟರಲ್ಲಿ ಇವರು ಒಂದು ಕೆಲಸ ಮಾಡಿದರು. ಎದ್ದು ಕಪಾಟಿನ ಹತ್ತಿರ ಹೋಗಿ, ಸ್ಟೀಲಿನ ಲೋಟ ತೆಗೆದು, ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ, ಲಿಜಿಯ ಮೇಜಿನ ಮೇಲೆ ಇಟ್ಟು, ತಮ್ಮ ಜಾಗಕ್ಕೆ ಹೋಗಿ ಕುಳಿತರು. ಅವರ ಪ್ರಕಾರ ಅದು ಕ್ಷಮೆ ಕೇಳಿದ್ದು. ಅವರ ಪ್ರಕಾರ ಅದು ದೊಡ್ಡ ದಾನ.

ಲಿಜಿ ಆ ಲೋಟವನ್ನು ನೋಡಿದಳು. ಪಕ್ಕಕ್ಕೆ ಸರಿಸಿ ಕೀಲಿಮಣೆ ಎಳೆದುಕೊಂಡಳು. ಅವರ ಆ ಒಂದು ಸಾಲು ಅಳಿಸಿ, ಕವಲು ಹುಟ್ಟುವಾಗಲೇ ಅದನ್ನು ಕಳಿಸಿದ ಪ್ರೋಗ್ರಾಮಿನ ಚೀಟಿ ಅದರ ಕೊರಳಿಗೂ ಬೀಳುವ ಹಾಗೆ ಬರೆದಳು. ಇನ್ನು ಯಾವ ಪ್ರೋಟೊಕಾಲಿನಲ್ಲಿ ಹೋದರೂ ಪ್ರಶ್ನೆ ಒಂದೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಿ, ಆದರೂ ಹಾಕಿದವಳು ಅವಳು. ಅವಳು ಎದ್ದಾಗ ಕಷಾಯದ ಮೇಲೆ ಕೆನೆ ಕಟ್ಟಿತ್ತು. ಆ ತಿಂಗಳು ಮುಗಿಸಿ ಕೆಲಸ ಬಿಟ್ಟಳು.

ಅದಾದ ಮೇಲೆ ಇವರು ಒಂದು ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಭಾಷಣ ಮಾಡಿದರು. "ಬಂದವನು ಯಾರು ಎಂದಲ್ಲ, ಕಳಿಸಿದವನು ಯಾರು ಎಂದು ಕೇಳಬೇಕು" ಎಂದಾಗ ಹುಡುಗರು ಚಪ್ಪಾಳೆ ತಟ್ಟಿದರಂತೆ. ಅವರಿಗೆ ಶಾಲು ಹೊದಿಸಿದ ಫೋಟೊ ನಮ್ಮ ಆಫೀಸಿನ ಗೋಡೆಯಲ್ಲಿ ಈಗಲೂ ಇದೆ. ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ.

ಲಿಜಿಯನ್ನು ಬೆಳೆಸಿದ ಸಂಗತಿ ಇಷ್ಟೇ. ಇನ್ನೊಂದು ಉಳಿದಿದೆ, ಅದನ್ನೂ ಹೇಳಿ ಮುಗಿಸುತ್ತೇನೆ.

ಲಿಜಿ ಈಗ ನೆಲ್ಯಾಡಿಯಲ್ಲಿ, ಹೆದ್ದಾರಿಯ ಬದಿಯಲ್ಲೇ, ಸ್ವಂತ ಆಫೀಸು ಮಾಡಿದ್ದಾಳೆ. ಆಸ್ಪತ್ರೆಗಳಿಗೆ ಬರುವ ಇಂಥ ಪೆಟ್ಟಿಗೆಗಳ ಕಾವಲು ಸರಿ ಇದೆಯೇ ಎಂದು ಪರೀಕ್ಷೆ ಮಾಡಿ ಹೇಳುವುದು ಅವಳ ಕೆಲಸ. ಅವಳು ಸರಿ ಎಂದರೆ ಮಾತ್ರ ಕೊಳ್ಳುವ ಆಸ್ಪತ್ರೆಗಳು ಈಗ ಹಲವು. ಮೊನ್ನೆ ನಮ್ಮ ಹೊಸ ಪೆಟ್ಟಿಗೆಯೂ ಅಲ್ಲಿಗೆ ಹೋಗಬೇಕಾಯಿತು. ನಿವೃತ್ತಿಗೆ ಮೊದಲು ಕೊನೆಯ ಕೆಲಸ, ನಾನೇ ಬರುತ್ತೇನೆ ಎಂದು ಅವರೂ ನನ್ನ ಜೊತೆ ಜೀಪು ಹತ್ತಿದರು.

ಒಳಗೆ ಗೋಡೆಯ ಬದಿಗೆ ಒಂದು ಬೆಂಚು. ಅದರ ಮೇಲೆ ಬೇರೆ ಕಂಪೆನಿಯ ಇಬ್ಬರು ತಮ್ಮ ಪೆಟ್ಟಿಗೆ ಮಡಿಲಲ್ಲಿಟ್ಟು ಕಾಯುತ್ತಿದ್ದರು. ಇವರು ಬೆಂಚಿನ ಕಡೆ ನೋಡಲೂ ಇಲ್ಲ. ನೇರ ಲಿಜಿಯ ಮೇಜಿಗೆ ಹೋಗಿ ಪೆಟ್ಟಿಗೆ ಇಟ್ಟು, ಆ ಇಬ್ಬರಿಗೂ ಕೇಳುವ ಹಾಗೆ ಹೇಳಿದರು. "ಇವಳು ನಮ್ಮ ಮನೆಯ ಹುಡುಗಿಯೇ. ನಾನೇ ತಯಾರು ಮಾಡಿದ್ದು. ಒಂದು ಸಹಿ ಹಾಕಿಬಿಡು ಮಗಾ, ನಮ್ಮದನ್ನು ಎಂತ ನೋಡುದು?"

ಲಿಜಿ ಎದ್ದು ನಿಂತಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಕೂತ್ಕೊಳ್ಳಿ ಸಾರ್, ಅಲ್ಲಿ ಬೆಂಚಲ್ಲಿ. ಇವರದ್ದು ಮೊದಲು ಬಂದದ್ದು, ಅದಾದ ಮೇಲೆ ನಿಮ್ಮದು. ಇಲ್ಲಿ ಮನೆಯವರನ್ನೂ ಕೇಳುದು."

ಅವರು ನನ್ನ ಮುಖ ನೋಡಿದರು. ನಾನು ಹೋಗಿ ಬೆಂಚಿನ ಮೇಲೆ ಕುಳಿತೆ. ಬೇರೆ ದಾರಿಯಿಲ್ಲದೆ ಅವರೂ ಬಂದು ತುದಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಚಾ ಬಂತು. ಬೇರೆ ಕಂಪೆನಿಯವರಿಗೆ, ನಮ್ಮ ಜೀಪಿನ ಡ್ರೈವರನಿಗೆ, ನನಗೆ, ಅವರಿಗೆ, ಎಲ್ಲರಿಗೂ ಒಂದೇ ತರದ ಗಾಜಿನ ಲೋಟ.

ನಮ್ಮ ಸರದಿ ಬಂದಾಗ ಲಿಜಿ ಪೆಟ್ಟಿಗೆಯನ್ನು ಒಂದೊಂದೇ ಪ್ರೋಟೊಕಾಲಿನಲ್ಲಿ ಕೆಣಕಿ ನೋಡಿದಳು. ಎಲ್ಲೂ ಸೋರಲಿಲ್ಲ. ಅವಳೇ ಬರೆದ ಭಾಗ ಇನ್ನೂ ಅದರೊಳಗೆ ಇತ್ತು. ಸರಿ ಇದೆ ಎಂದು ಸಹಿ ಹಾಕಿ ಕೊಟ್ಟಳು. ಅವರು ಎದ್ದರು. ಹೊರಡುವ ಮೊದಲು ಆರಿಹೋಗಿದ್ದ ಚಾದ ಲೋಟ ತೆಗೆದು, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ ಎತ್ತಿ ಬಾಯಿಗೆ ಹೊಯ್ದುಕೊಂಡು, ಬೆಂಚಿನ ಮೇಲಿಟ್ಟು ಮೆಟ್ಟಿಲಿಳಿದರು.

ಲಿಜಿ ಅದನ್ನು ನೋಡಿದಳು. ಬಂದು ಆ ಲೋಟವನ್ನು ನಮ್ಮೆಲ್ಲರ ಎಂಜಲು ಲೋಟಗಳ ಜೊತೆಗೆ ಒಂದೇ ತಟ್ಟೆಯಲ್ಲಿಟ್ಟು, ತೊಳೆಯಲು ಒಳಗೆ ತೆಗೆದುಕೊಂಡು ಹೋದಳು.